ಟ್ರಂಕಿನಿಂದ ಮಾಯವಾದ ರ‍್ಯಾಕೆಟ್

ಯಲಹಂಕ
ಗುರುವಾರ, 20-11-1958

ನನ್ನ ಮುದ್ದಿನ ಲಚ್ಚಕ್ಕನಿಗೆ,

ನಿನ್ನ ರತ್ನಿಯ ಬೆಟ್ಟದಷ್ಟು ಪ್ರೀತಿ. ಹೇಗಿದ್ದೀಯ? ಪೂನಾದ ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಯಿತಾ? ಮೆಣಸಿನ ಕಷಾಯ ಕುಡಿಯುತ್ತಿದ್ದೀಯೋ ಅಥವಾ ಭಾವನವರಿಗೆ ಕುಡಿದೆ ಎಂದು ಸುಳ್ಳು ಹೇಳಿ ಬಚ್ಚಲಿಗೆ ಸುರಿಯುತ್ತಿದ್ದೀಯೋ? ಪಾಪುವಿಗೆ ಹಲ್ಲು ಬಂತಾ? ನಾನಂತೂ ಚೆನ್ನಾಗಿದ್ದೇನೆ, ಮದುವೆಯ ರವಿಕೆಗಳೆಲ್ಲ ಮೂರೇ ತಿಂಗಳಿಗೆ ಬಿಗಿಯಾಗಿವೆ. ಈ ಕೋಳಿ ಕೆದರಿದಂಥ ಅಕ್ಷರ ನೋಡಿ ಗಾಬರಿಯಾಗಬೇಡ. ಜ್ವರ ಗಿರ ಏನೂ ಇಲ್ಲ. ಅತ್ತೆ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ, ಅದಕ್ಕೇ ಬಲಗೈಯಲ್ಲಿ ಬರೆಯುತ್ತಿದ್ದೇನೆ.

ನಿನಗೆ ಗೊತ್ತಲ್ಲ, ಮಾಲೂರಿನ ಸಂಬಂಧ ನಾನು ಎಡಗೈಯಲ್ಲಿ ಕಾಫಿ ಲೋಟ ಕೊಟ್ಟಿದ್ದಕ್ಕೇ ತಪ್ಪಿಹೋಯಿತು. ಆಮೇಲೆ ಅಮ್ಮ ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿಕೊಂಡಳು: ಗಂಡನ ಮನೆಯಲ್ಲಿ ನೀನು ಎಡಚಿ ಅಂತ ಒಬ್ಬರಿಗೂ ಗೊತ್ತಾಗಕೂಡದು. ಅಂದಿನಿಂದ ಬಡಿಸುವುದು, ರಂಗೋಲಿ ಬಿಡುವುದು, ರುಬ್ಬುವುದು, ಎಲ್ಲ ಬಲಗೈಯಲ್ಲೇ. ಅತ್ತೆ ಮುನಿಗಂಗಮ್ಮನವರದು ಮಾತು ಕಡಿಮೆ, ನೋಟ ಜಾಸ್ತಿ. ನಾನು ಒರಳಿನ ಮುಂದೆ ಕೂತರೆ ಸಾಕು, ಬಾಗಿಲಿಗೆ ಒರಗಿ ನನ್ನ ಕೈಯನ್ನೇ ನೋಡುತ್ತಾರೆ. ಅವರಿಗೆ ಅನುಮಾನ ಬಂದಿದೆಯೆಂದು ನನಗೆ ಮೊದಲಿನಿಂದಲೂ ಅನುಮಾನ.

ಹೀಗಿರುವಾಗ ಹೋದ ಭಾನುವಾರ ಶಾಲು ತೆಗೆಯಲು ಟ್ರಂಕು ತೆರೆದರೆ ನನ್ನ ಟೆನಿಸ್ ರ‍್ಯಾಕೆಟ್ ಇಲ್ಲ! ನನ್ನ ಜೀವದಂಥ ರ‍್ಯಾಕೆಟ್, ಅಕ್ಕಾ, ನಾವಿಬ್ಬರೂ ಡಬಲ್ಸ್ ಕಪ್ ಗೆದ್ದಾಗ ಹಿಡಿದದ್ದು. ಪಕ್ಕದಲ್ಲೇ ಇದ್ದ ನೀಲಿ ನೋಟ್‌ಬುಕ್ಕು ಇದೆ, ಆದರೆ ತಲೆಕೆಳಗಾಗಿದೆ, ಸರ್ವಿಸ್ ಪಾಠದ ಹಾಳೆಯ ಕಿವಿ ಯಾರೋ ಮಡಚಿದ್ದಾರೆ. ಕಾನ್ವೆಂಟಿನಲ್ಲಿ ಸಿಸ್ಟರ್ ನನಗೊಬ್ಬಳಿಗೇ ಬೇರೆಯಾಗಿ ಹೇಳಿ ಬರೆಸಿದ ಪಾಠಗಳು ಅವು, ಎಡಗೈಯಲ್ಲಿ ಹಿಡಿಯುವುದು ಹೇಗೆ, ಯಾವ ಕಾಲು ಮುಂದೆ ಅಂತ. ಯಾರಾದರೂ ಓದಿದರೆ ನನ್ನ ಕಥೆ ಮುಗಿಯಿತು.

ಮೊದಲು ಅನುಮಾನಿಸಿದ್ದು ಅತ್ತೆಯನ್ನೇ. ನಾನು ಬಂದ ಹೊಸದರಲ್ಲಿ ಆ ರ‍್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಈ ಜರಡಿಗೆ ಇಷ್ಟುದ್ದ ಇಡಿ ಯಾಕಮ್ಮಾ?" ಎಂದು ಕೇಳಿದ್ದರು. ಹಂಡೆ ಒಲೆಯ ಬೂದಿಯನ್ನು ಕೋಲಿನಿಂದ ಕೆದಕಿ ನೋಡಿದೆ, ಸುಟ್ಟ ಗುರುತಿಲ್ಲ. ಅಲ್ಲದೆ ನೋಟ್‌ಬುಕ್ಕು ಇಂಗ್ಲಿಷಿನಲ್ಲಿದೆ, ಅತ್ತೆಗೆ ಕನ್ನಡವೂ ಓದಲು ಬಾರದು. ನೋಟ್‌ಬುಕ್ಕು ಓದಲು ಕಳ್ಳರು ಮತ್ತೆ ಬರಬಹುದೆಂದು ಆ ರಾತ್ರಿ ಮಲಗುವ ಮುಂಚೆ ಟ್ರಂಕಿನ ಮುಂದೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿದೆ. ಬೆಳಿಗ್ಗೆ ನೋಡಿದರೆ ಒಂದು ದೊಡ್ಡ ಹೆಜ್ಜೆ, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಹಸೆಮಣೆಯ ಮೇಲೆ ಒಂದು ಗಂಟೆ ತಲೆ ತಗ್ಗಿಸಿ ಕೂತು ನಾನು ನೋಡಿದ್ದೆಲ್ಲ ಅದೇ ಪಾದವನ್ನು! ಇವರದು!

ಹದಿನೈದು ದಿನದಿಂದ ಇವರು ಹೈಸ್ಕೂಲಿನಿಂದ ತಡವಾಗಿ ಬರುತ್ತಿದ್ದಾರೆ, ಕೇಳಿದರೆ "ಸ್ಪೆಷಲ್ ಕ್ಲಾಸು". ಲೆಕ್ಕದ ಮೇಷ್ಟ್ರ ಬೂಟಿಗೆ ಇಷ್ಟು ಕೆಮ್ಮಣ್ಣು ಹೇಗೆ ಮೆತ್ತುತ್ತದೆ? ಹೆಬ್ಬಾಳದ ಬಂಗಲೆಯಲ್ಲಿ ಒಬ್ಬ ರಿಟೈರ್ಡ್ ಮಿಲಿಟರಿ ಆಫೀಸರ್ ಇದ್ದಾರೆ, ಅವರ ಮಗಳು ಟೆನಿಸ್ ಆಡುತ್ತಾಳಂತೆ. ಹೆಣ್ಣು ನೋಡಲು ಬಂದ ದಿನ ಅಪ್ಪ ನನ್ನ ಕಪ್ ತೋರಿಸಿದಾಗ ಇವರು "ನಾನೂ ಕಾಲೇಜಿನಲ್ಲಿ ಆಡ್ತಿದ್ದೆ" ಅಂದರಲ್ಲ, ಅಲ್ಲೇ ತಾನೇ ನಾನು ಕರಗಿದ್ದು? ಈಗ ನನ್ನ ರ‍್ಯಾಕೆಟ್ ಹಿಡಿದು ಅವಳ ಜೊತೆ ಆಡುತ್ತಿದ್ದಾರೆ ಎಂದು ತೀರ್ಮಾನಿಸಿ ಎರಡು ದಿನ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ.

ನಿನ್ನೆ ಸಂಜೆ ರಾಗಿ ತುಂಬಿದ ಪುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಮಿಲ್ಲಿಗೆ ಹೋಗುವ ನೆಪದಲ್ಲಿ ಹೈಸ್ಕೂಲಿನ ಹಿಂದಿನ ಬಯಲಿಗೆ ಹೋದೆ. ಅಕ್ಕಾ, ನೀನು ನೋಡಬೇಕಿತ್ತು! ಸುಣ್ಣದಲ್ಲಿ ಸೊಟ್ಟ ಗೆರೆ ಎಳೆದಿದ್ದಾರೆ, ನಡುವೆ ಕೆರೆಯ ಮೀನುಬಲೆಯೇ ನೆಟ್ಟು. ಕಂಬ ವಾಲುತ್ತದೆಂದು ಸ್ಕೂಲಿನ ಜವಾನ ಖಾದರ್ ಬಾಷಾ ಒಂದು ತುದಿ ಹಿಡಿದು ನಿಂತಿದ್ದಾನೆ. ಹತ್ತನೇ ಕ್ಲಾಸಿನ ಹನ್ನೆರಡು ಮಕ್ಕಳು ಸಾಲಾಗಿ ನಿಂತಿದ್ದಾರೆ, ಒಬ್ಬಳ ಕೈಯಲ್ಲಿ ನನ್ನ ರ‍್ಯಾಕೆಟ್, ಒಬ್ಬನ ಕೈಯಲ್ಲಿ ಆ ಹೆಬ್ಬಾಳದ ಆಫೀಸರು ಕೊಟ್ಟದ್ದಂತೆ ಇನ್ನೊಂದು, ಉಳಿದವರಿಗೆ ಹಲಗೆ ತುಂಡು. ಹನ್ನೆರಡೂ ಎಡಗೈಯಲ್ಲಿ! ಇವರು ಕೂಗುತ್ತಿದ್ದಾರೆ: "ಎಡಗೈ ಅಂದ್ನಲ್ಲ! ಬಲ ಭುಜ ನೆಟ್ ಕಡೆ, ಚೆಂಡು ಬಲಗೈಲಿ ಮೇಲಕ್ಕೆ, ಕಣ್ಣು ಚೆಂಡಿನ ಮೇಲೆ!" ಒಂದು ಹುಡುಗಿ ಅಳುಮುಖ ಮಾಡಿಕೊಂಡು, "ಸಾರ್, ಎಡಗೈ ಬತ್ತಾನೇ ಇಲ್ಲ ಸಾರ್" ಅಂದಳು. "ಬರದೆ ಏನು? ಆಟದ ರೂಲೇ ಅದು!" ಚೆಂಡುಗಳೆಲ್ಲ ಹುರುಳಿ ಹೊಲದ ಪಾಲು. ಖಾದರ್ ಬಾಷಾ ನನ್ನನ್ನು ನೋಡಿ ಸಮಾಧಾನ ಬೇರೆ ಹೇಳಿದ: "ಇಂಗ್ಲಿಷ್ನೋರ ಆಟ ಅಲ್ವೇನಮ್ಮಾ? ಊಟಕ್ಕೆ ಫೋರ್ಕು ಎಡಗೈಲಿ ಹಿಡಿತಾರಲ್ಲ, ಹಂಗೇ ಇದೂನೂ."

ಮೊದಲು ನಗು ಬಂತು, ಆಮೇಲೆ ವಿಷಯ ಹೊಳೆಯಿತು. ಇವರು ನನ್ನ ನೋಟ್‌ಬುಕ್ಕನ್ನು ಉರು ಹೊಡೆದು ಪಾಠ ಮಾಡುತ್ತಿದ್ದಾರೆ, ಆದರೆ ನಾನು ಎಡಚಿ ಎಂದು ಇವರಿಗೆ ಗೊತ್ತೇ ಆಗಿಲ್ಲ. ಲೋಕವೆಲ್ಲ ಎಡಗೈಯಲ್ಲೇ ಆಡುತ್ತದೆ ಅಂದುಕೊಂಡಿದ್ದಾರೆ! ನಾನು ಸುಮ್ಮನೆ ಮಿಲ್ಲಿಗೆ ಹೋಗಿಬಿಟ್ಟಿದ್ದರೆ ನನ್ನ ಗುಟ್ಟು ಟ್ರಂಕಿನಲ್ಲೇ ಇರುತ್ತಿತ್ತು. ಆದರೆ ಡಿಸೆಂಬರ್ ಆರಕ್ಕೆ ಬೆಂಗಳೂರು ದಂಡಿನ, ಅದೇ ಕಂಟೋನ್ಮೆಂಟಿನ, ಒಂದು ಇಂಗ್ಲಿಷ್ ಸ್ಕೂಲಿನ ಜೊತೆ ಮ್ಯಾಚು ಎಂದು ಖಾದರ್ ಬಾಷಾನೇ ಹೇಳಿದ. ಬೂಟು ಕೂಡ ಇಲ್ಲದ ಈ ಮಕ್ಕಳನ್ನು ನೋಡಿ ಅವರು ಹೇಗೆ ನಗುತ್ತಾರೆಂದು ನನಗಿಂತ ಚೆನ್ನಾಗಿ ನಿನಗೇ ಗೊತ್ತು. ಕಾನ್ವೆಂಟಿನ ಮೊದಲ ವರ್ಷ ನಮ್ಮ ಎಣ್ಣೆ ಜಡೆ ನೋಡಿ ನಕ್ಕಿರಲಿಲ್ಲವಾ?

ಪುಟ್ಟಿ ಕೆಳಗಿಟ್ಟೆ. ಸೆರಗು ಸಿಕ್ಕಿಸಿದೆ. ಆ ಹುಡುಗಿಯ ಕೈಯಿಂದ ರ‍್ಯಾಕೆಟ್ ತೆಗೆದುಕೊಂಡು ಎಡಗೈಯಲ್ಲಿ ಹೊಡೆದೆ ನೋಡು, ಚೆಂಡು ಬಲೆಯ ಮೇಲೆ ಒಂದು ಗೇಣಿನಲ್ಲಿ ಹಾರಿ ಆಚೆ ಗೆರೆಯ ಒಳಗೇ ಬಿತ್ತು! "ಇದು ನನ್ನ ಕೈ. ನೀವೆಲ್ಲ ನಿಮ್ಮ ನಿಮ್ಮ ಊಟದ ಕೈಯಲ್ಲಿ ಹಿಡೀರಿ" ಅಂದೆ. ಇವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. "ಅಂದ್ರೆ... ನೀನು ಎಡಗೈನೋಳಾ?" ನಾನೂ ಬಿಡಲಿಲ್ಲ: "ಅಂದ್ರೆ... ನೀವು ಕಾಲೇಜಿನಲ್ಲಿ ಆಡಿದ್ದು?" ಬೂಟಿನ ಕೆಮ್ಮಣ್ಣು ಕೆರೆಯುತ್ತಾ ಮೆಲ್ಲಗೆ ಹೇಳಿದರು: "ಕಾಂಪೌಂಡ್ ಆಚೆಯಿಂದ ಸದ್ದು ಕೇಳ್ತಿತ್ತು." ಹೆಡ್‌ಮಾಸ್ಟರ್ ನರಸಿಂಹಯ್ಯನವರ ಮುಂದೆಯೂ ಅದೇ ಜಂಬ ಕೊಚ್ಚಿದ್ದರಂತೆ, ಅವರು ಈ ಕೆಲಸ ತಲೆಗೆ ಕಟ್ಟಿದರಂತೆ. ನನ್ನನ್ನು ಕೇಳಿದರೆ ಸುಳ್ಳು ಬಯಲಾಗುತ್ತದೆಂದು ಕಳ್ಳತನ! ದಾರಿಯುದ್ದಕ್ಕೂ ಪುಟ್ಟಿ ಅವರೇ ಹೊತ್ತು ತಂದರು. ಮನೆಯಲ್ಲಿ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಆದರೆ ಹನ್ನೆರಡು ಮಕ್ಕಳ ಬಾಯಿ ಯಾರು ಕಟ್ಟುತ್ತಾರೆ? ರಾತ್ರಿ ಅತ್ತೆ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆಯಿಂದಲೂ ಇಲ್ಲ. ನಾನು ಬರೆಯುತ್ತಿರುವ ಈ ಕೈಯನ್ನೇ ನೋಡುತ್ತಿದ್ದಾರೆ. ಅಪ್ಪ ಅಮ್ಮನಿಗೆ ಏನೂ ಬರೆಯಬೇಡ.

ಭಾವನವರಿಗೆ ನಮಸ್ಕಾರ, ಪಾಪುವಿನ ಎರಡೂ ಕೆನ್ನೆಗೆ ಮುತ್ತು. ನಿನ್ನ ಹರಕೆ ನನ್ನ ಮೇಲಿರಲಿ, ಈ ವಾರ ಸ್ವಲ್ಪ ಹೆಚ್ಚಾಗಿಯೇ.

ನಿನ್ನ ತಂಗಿ,
ರತ್ನಿ

ಮರೆತಿದ್ದೆ: ನೀನು ಬಲಗೈಯವಳಲ್ಲವಾ, ಹಿಡಿಯುವುದು, ನಿಲ್ಲುವುದು, ಚೆಂಡು ಎಸೆಯುವುದು, ಎಲ್ಲ ಮೊದಲಿನಿಂದ ಬರೆದು ತಿರುಗು ಟಪಾಲಿಗೆ ಕಳಿಸು. ನಾನು ತಿರುಗಿಸಿ ಹೇಳಲು ಹೋದರೆ ನನ್ನ ಕೈಕಾಲೇ ತೊಡರುತ್ತವೆ. ಇವತ್ತಿನಿಂದ ಪಾಠ ಮಾಡುವವಳು ನಾನೇ. ಮತ್ತೆ, ಅಕ್ಕಾ, ಈಗ ತಾನೇ ಅತ್ತೆ ಅವರೆಸಿಪ್ಪೆ ಕೊಡವಿಕೊಂಡು ಎದ್ದು ಹೇಳಿದ್ದು: "ಜರಡಿ ಇಡ್ಕೊಂಡ ಕೈಲೇ ನಾಳೆಯಿಂದ ರುಬ್ಬವ್ವಾ. ಮೂರು ತಿಂಗ್ಳಿಂದ ಆ ಕೈಲಿ ರುಬ್ಬಿ ರುಬ್ಬಿ ಇಟ್ಟೆಲ್ಲಾ ತರಿತರಿ, ನನ್ ಅಲ್ಲು ಓಗ್ತಾ ಅವೆ." ಎಂದಿನಿಂದ ಗೊತ್ತಿತ್ತೋ, ಕೇಳುವ ಧೈರ್ಯ ನನಗಿಲ್ಲ. ಈ ನಾಲ್ಕು ಸಾಲಿನ ಅಕ್ಷರ ಎಷ್ಟು ದುಂಡಗಿದೆ ನೋಡಿದೆಯಾ? ಅವರ ಎದುರಿಗೇ ಕೂತು ಬರೆದೆ.