ಆಳಂದದ ಮೇಳದಲ್ಲಿ ಒಬ್ಬನೇ ಹಾಡಿದ್ದು

ಕಿಣ್ಣಿ ಸುಲ್ತಾನ ಗ್ರಾಮ, ಆಳಂದ ತಾಲ್ಲೂಕು
27 ಜನವರಿ 2025

ಪ್ರೀತಿಯ ಮುಸ್ತಕೀಮ,

ನಿನಗೂ ಮನೆಯವರಿಗೂ ಸಲಾಂ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಬಂದ ನಿನ್ನ ಪತ್ರಕ್ಕೆ ಜೋಳದ ಹಸಿ ತೆನೆ ಸೀತನಿ ಸುಡುವ ಹದಕ್ಕೆ ಬಂದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬಯ್ಯಬೇಡ. ಫೋನ್ ಮಾಡೋಣವೆಂದರೆ ನಿನಗೀಗ ಕಿವಿ ಸರಿಯಾಗಿ ಕೇಳುವುದಿಲ್ಲ ಎಂದು ನಿನ್ನ ಮಗಳು ಮಿನಾಜ ಹೇಳಿದಳು. ದಮ್ಮಡಿ ಬಾರಿಸುವವನ ಕಿವಿಗೇ ಹೀಗಾಗಬೇಕೆ? ಮನಸ್ಸಿಗೆ ಬಹಳ ಕೆಡುಕೆನಿಸಿತು.

ನಿನ್ನೆ ನನ್ನ ಮಗಳು ಪಂಚಶೀಲಾ ಆಸ್ಪತ್ರೆಗೆ ರಜೆ ಹಾಕಿ ನನ್ನನ್ನು ಆಳಂದಕ್ಕೆ ಕರೆದೊಯ್ದಳು. ಶಾಲೆಯ ಮೈದಾನದಲ್ಲಿ ಊಟ ಮತ್ತು ಹಾಡಿನ ಮೇಳವಿತ್ತು. ಸುಸಲಾ, ಮಿರ್ಚಿ, ಪುಂಡಿಪಲ್ಯ, ಸಜ್ಜೆ ರೊಟ್ಟಿ, ಏನುಂಟು ಏನಿಲ್ಲ! ಜನ ಸಾಲು ನಿಂತು ಒಬ್ಬರ ಪಕ್ಕ ಒಬ್ಬರು ಕೂತು ಉಣ್ಣುತ್ತಿದ್ದರು. ನನಗೆ ಕರಜಗಿಯ ಆ ಮನೆ ನೆನಪಾಯಿತು. ಹಾಡಿಸಲು ಇಬ್ಬರನ್ನೂ ಕರೆದವರು, ಊಟದ ಹೊತ್ತಿಗೆ ನನ್ನನ್ನು ದನದ ಕೊಟ್ಟಿಗೆಯ ಹತ್ತಿರ ಕೂರಿಸಿದ್ದರು. ನೀನು ತಾಟು ಎತ್ತಿಕೊಂಡು ಸೀದಾ ಬಂದು ನನ್ನ ಮಗ್ಗುಲಲ್ಲಿ ಕೂತೆ. "ಇಲ್ಲಿ ಗಾಳಿ ಛಲೋ ಅದ" ಅಂದೆ. ಅಷ್ಟೇ.

ಮೇಳ ನಡೆಸುವ ರಾಧಿಕಾ ಎಂಬ ಹುಡುಗಿ ನನ್ನ ಗುರುತು ಹಿಡಿದು, "ಕಾಕಾ, ಒಂದರೆ ಪದ ಹಾಡ್ರಿ" ಎಂದು ಕೈಹಿಡಿದು ವೇದಿಕೆಗೆ ಹತ್ತಿಸಿದಳು. ಅವ್ವ ಕಲಿಸಿದ ಕಳೆ ತೆಗೆಯುವ ಪದ ಎತ್ತಿಕೊಂಡೆ. ನೀನು ಎತ್ತಿಕೊಳ್ಳುವ ಸೊಲ್ಲು ಬಂದಾಗ ರೂಢಿಯಂತೆ ನಿಂತುಬಿಟ್ಟೆ. ಯಾರೂ ಎತ್ತಿಕೊಳ್ಳಲಿಲ್ಲ. ಮುದುಕ ಮರೆತನೆಂದು ಪಾಪ ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಗೋ ಮುಗಿಸಿ ಇಳಿದೆ.

ಕೆಳಗೆ ನಮ್ಮೂರ ನಿಂಬೆವ್ವ ಕೂತಿದ್ದಳು. "ನಿನ್ನ ಜೋಡಿ ಎಲ್ಲಿ ಹೋದನೋ ಅಂಬಾರಾಯ?" ಎಂದಳು.

"ಸೊಲ್ಲಾಪುರದಾಗ ಮಗಳ ಮನ್ಯಾಗ ಅದಾನವ್ವ."

"ಅಂವ ಇದ್ದಿದ್ರ ಇನ್ನೊಂದು ಪದ ಹಾಡಸ್ತಿದ್ದೆ ನೋಡು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಸ್ಸಿನಲ್ಲಿ ಪಂಚಶೀಲಾ, "ಅಪ್ಪಾ, ನೀವಿಬ್ರೂ ಯಾಕ ಹಾಡೋದು ಬಿಟ್ರಿ?" ಎಂದು ಕೇಳಿದಳು. "ವಯಸ್ಸಾತವ್ವ" ಅಂದೆ. ಬಿಟ್ಟಾಗ ನಮಗೆ ನಲವತ್ತೂ ಆಗಿರಲಿಲ್ಲವೆಂದು ಅವಳಿಗೇನು ಗೊತ್ತು!

ಮಿನಾಜಳಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ. ಚಳಿ ಇದೆ, ಕಿವಿಗೆ ಬಟ್ಟೆ ಕಟ್ಟಿಕೊ.

ನಿನ್ನ
ಅಂಬಾರಾಯ

ತಾ.ಕ.: ಮಗಳಿಗೆ ಹೇಳದ್ದನ್ನು ನಿನಗೆ ಹೇಳಲೇಬೇಕು. ತೊಂಬತ್ತೆಂಟರಲ್ಲಿ ರೇಡಿಯೊದವರು ಕರೆದದ್ದು ನನ್ನೊಬ್ಬನನ್ನಲ್ಲ, ಇಬ್ಬರನ್ನೂ. ಕಾಗದದಲ್ಲಿ ನಿನ್ನ ಹೆಸರೂ ಇತ್ತು. ನೀನು ಊರಲ್ಲಿಲ್ಲವೆಂದು ಅವರಿಗೆ ಹೇಳಿ ಒಬ್ಬನೇ ಹೋದೆ. ಒಮ್ಮೆಯಾದರೂ ನನ್ನ ಹೆಸರೊಂದೇ ಕೇಳಿಸಲಿ ಎಂಬ ಆಸೆ. ಆ ದಿನ ನೀನು ಊರವರನ್ನೆಲ್ಲ ಕಟ್ಟೆಗೆ ಕೂಡಿಸಿ, ರೇಡಿಯೊ ಹಚ್ಚಿ, "ನಮ್ಮ ಅಂಬಾರಾಯ ಹಾಡಾಕತ್ತಾನ, ಸುಮ್ಮ ಕುಂದರ್ರಿ" ಎಂದೆಯಂತೆ. ಆಮೇಲೆ ನನ್ನ ಗಂಟಲು ಕೆಟ್ಟಿದೆ ಎಂದು ನಿನಗೆ ಹೇಳಿ ಹಾಡು ಬಿಟ್ಟೆನಲ್ಲ, ಅದು ಸುಳ್ಳು, ಮುಸ್ತಕೀಮ. ನಿನ್ನ ಎದುರು ಕೂತು ಹಾಡಲು ನನಗೆ ಬಾಯಿ ಏಳಲಿಲ್ಲ.