ಎರಡು ಎಡತೋಳಿನ ಕೋಟು

ನನ್ನ ಸೊಸೆಗೆ, ಅತ್ತೆ ಬರೆಯುವ ಕಾಗದ.

ಮೂರು ದಿನದಿಂದ ಬರೆಯುತ್ತಿದ್ದೇನೆ. ನಾಲ್ಕು ಸಾಲಿಗೇ ಕೈ ಸೋಲುತ್ತದೆ, ಕಣ್ಣು ಎಳೆಯುತ್ತದೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಪ್ರತಿ ಮಂಗಳವಾರ ನೀನು ನನ್ನನ್ನು ಆಸ್ಪತ್ರೆಗೆ ಕರೆದೊಯ್ಯುತ್ತೀಯ. ರೋಗಿಗಳ ಮನಸ್ಸು ನೋಡುವ ಆ ಮಾತಿನ ಡಾಕ್ಟರಮ್ಮನ ಎದುರು ನಾನು ಕೂರುತ್ತೇನೆ. ನೀನು ಹೊರಗೆ ಬೆಂಚಿನ ಮೇಲೆ ನಮ್ಮ ಹೊಲಿಗೆ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಕಾಯುತ್ತೀಯ. ನಿನಗೆ ಕೇಳಿಸಬಾರದೆಂದು ಬಾಗಿಲು ಹಾಕಿಸಿದವಳು ನಾನೇ. ಮೊದಲ ದಿನ ಆಕೆಗೆ ಹೇಳಿದ್ದೆ, "ನೋಡಮ್ಮ, ನನಗೆ ತಲೆಯಲ್ಲಿ ಗಡ್ಡೆ ಇದೆ, ತಲೆ ಕೆಟ್ಟಿಲ್ಲ." ಆಕೆ ನಕ್ಕು, "ಗಡ್ಡೆ ನೋಡೋಕೆ ಬೇರೆ ಡಾಕ್ಟರಿದ್ದಾರೆ ಅಮ್ಮ. ನಿಮಗೆ ನಿದ್ದೆ ಬರುತ್ತಾ, ಹೇಳಿ" ಎಂದಳು. ಐದು ವಾರ ಅವಳ ಕಿಟಕಿ ಪರದೆಯ ಹೊಲಿಗೆ ಸರಿಯಿಲ್ಲವೆಂದು ಬೈದೇ ಕಾಲ ಕಳೆದೆ. ಆರನೆಯ ವಾರ, "ಮೊದಲ ಸಲ ಹೆದರಿದ್ದು ಯಾವಾಗ?" ಎಂದು ಕೇಳಿದಳು. ಬಾಯಿಂದ ಕೋಟಿನ ವಿಷಯ ಬಂದುಬಿಟ್ಟಿತು.

ನಿನಗೂ ನೆನಪಿರುತ್ತದೆ. ಮೇಷ್ಟ್ರ ಬೂದು ಕೋಟು. ಮೂವತ್ತು ವರ್ಷ ಕತ್ತರಿ ಹಿಡಿದವಳು ಎರಡು ತೋಳನ್ನೂ ಎಡಗೈಗೇ ಕತ್ತರಿಸಿದ್ದೆ. ಹೊಲಿಗೆಯವರೆಲ್ಲ ನೋಡುತ್ತಿದ್ದರು. "ಬಟ್ಟೆ ಹಾಸಿಕೊಟ್ಟವಳು ನೀನಲ್ವಾ? ಮನುಷ್ಯನಿಗೆ ಎರಡು ಎಡಗೈ ಇರ್ತಾವೇನೇ? ನಿಮ್ಮಪ್ಪನಿಗೆ ಇದ್ವಾ?" ಎಂದೆ. ಎಲ್ಲರೂ ನಕ್ಕರು. ನೀನು "ತಪ್ಪಾಯ್ತು ಅತ್ತೆ" ಎಂದು, ಉಳಿದ ತುಂಡಿನಲ್ಲೇ ಹೇಗೋ ಬಲತೋಳು ಹೊಂದಿಸಿದೆ.

ಎರಡು ತಿಂಗಳಿಗೆ ಗಡ್ಡೆ ಪತ್ತೆಯಾಯಿತು. "ಪಾಪ, ಅವತ್ತು ಅತ್ತೆ ಅಂದಿದ್ದೂ ಕಾಯಿಲೆಯಿಂದ್ಲೇ" ಎಂದು ನೀನು ನನ್ನ ಮಗನಿಗೆ ಹೇಳಿದ್ದು ಕೇಳಿಸಿತು. ಆ ನೆಪ ಹಿತವಾಗಿತ್ತು.

ತೋಳು ಕೆಡಿಸಿದ್ದು ಗಡ್ಡೆಯೇ ಇರಬಹುದು. ನಿನ್ನನ್ನು ಬೈದದ್ದು ನಾನು. ಸೀಮೆಸುಣ್ಣದ ಗೆರೆ ನನ್ನದೇ ಎಂದು ಗೊತ್ತಿದ್ದೂ ಬೈದೆ. ಕತ್ತರಿ ನಿನ್ನ ಕೈಗೆ ಹೋಗಿಬಿಡುತ್ತದೆಂಬ ಭಯ.

ಮುಂದೆ ನಾನು ಇನ್ನೂ ಕೆಟ್ಟದಾಗಿ ಮಾತಾಡಬಹುದಂತೆ. ನಿನ್ನ ಗುರುತೂ ಸಿಗದೆ ಹೋಗಬಹುದಂತೆ. ಅದನ್ನೆಲ್ಲ ಕಾಯಿಲೆಯ ತಲೆಗೆ ಕಟ್ಟು. ಇದೊಂದನ್ನು ಕಟ್ಟಬೇಡ.

"ಇದನ್ನ ನಿಮ್ಮ ಸೊಸೆಗೇ ಹೇಳಿ" ಎಂದಳು ಡಾಕ್ಟರಮ್ಮ. ಈ ಬಿಗುಮಾನ ಹೊತ್ತು ಹೊತ್ತು ಸಾಕಾಗಿದೆ ಕಣೇ. ಬರುವ ಮಂಗಳವಾರ ಬೆಂಚಿನ ಮೇಲೆ ಕೂರಬೇಡ, ಒಳಗೆ ಬಾ. ತಪ್ಪು ನನ್ನದೆಂದು ಆಕೆಯ ಮುಂದೆ ಬಾಯಿಬಿಟ್ಟು ಹೇಳುತ್ತೇನೆ. ಮಾತು ಹೊರಡದಿದ್ದರೆ ಈ ಕಾಗದವನ್ನು ನೀನೇ ಗಟ್ಟಿಯಾಗಿ ಓದು. ನಾನು ತಲೆಯಾಡಿಸುತ್ತೇನೆ.

ಕತ್ತರಿ ಹಿಡಿದ ನಿನ್ನ ಕೈ ಎಂದೂ ನಡುಗದಿರಲಿ.

ನಿನ್ನ ಅತ್ತೆ