ಮಾವ ವಾಪಸ್ ಕೇಳಿದ ಮಾತ್ರೆಗಳು

ನೊಣವಿನಕೆರೆ
೧೪-೭-೨೦೨೫

ನಯನಳ ಅಪ್ಪನಿಗೆ, ಸುನಂದಾಳ ನಮಸ್ಕಾರ.

ಗಡಿಯಲ್ಲಿ ಚಳಿ ಹೇಗಿದೆ? ಬೆನ್ನುನೋವು ಕಡಿಮೆಯಾಯಿತೆ? ನಿಮ್ಮ ಫೋನು ಸಿಗುತ್ತಲೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಯನಳಿಗೆ ಮುಂದಿನ ಹಲ್ಲು ಬಿದ್ದಿದೆ. ನಕ್ಕರೆ ಥೇಟ್ ನಿಮ್ಮಮ್ಮನೇ.

ಕಳೆದ ತಿಂಗಳು ತುಮಕೂರಿನಲ್ಲಿ ಫಾರ್ಮಸಿಸ್ಟರಿಗೆ ಪುನಶ್ಚೇತನ ತರಬೇತಿ ಇತ್ತು. ಅಂಗಡಿ ಲೈಸೆನ್ಸಿನಲ್ಲಿ ಇಬ್ಬರ ಹೆಸರೂ ಇದೆಯಲ್ಲ, ಮಾವನೂ ನಾನೂ ಹೋಗಬೇಕಿತ್ತು. "ಇಷ್ಟ್ ವರ್ಸ ಮೆಡಿಕಲ್ ಸ್ಟೋರ್ ನಡ್ಸಿದೀನಿ, ಇನ್ನೂ ಬೆಂಚ್ ಮೇಲೆ ಕೂತು ಪಾಠ ಕೇಳ್ಬೇಕಾ? ನೀನೇ ಹೋಗ್ಬಾರವ್ವ" ಎಂದರು. ಅಲ್ಲಿ ಒಂದು ಮಾತು ಕೇಳಿದೆ. ಬಿ.ಪಿ. ಮಾತ್ರೆ, ಊತ ಇಳಿಸುವ ಮಾತ್ರೆ ಎರಡನ್ನೂ ತಿನ್ನುವವರು ದಿನವೂ ನೋವಿನ ಮಾತ್ರೆ ನುಂಗಿದರೆ ಕಿಡ್ನಿಯೇ ಹೋಗಬಹುದಂತೆ. ಅತ್ತೆ ಮೂರನ್ನೂ ತಿನ್ನುತ್ತಾರಲ್ಲ! ಮಂಡಿನೋವಿಗೆಂದು ಮಾವನೇ ಅಕ್ಕರೆಯಿಂದ ಅಂಗಡಿಯಿಂದ ತಂದು ಕೊಡುತ್ತಿದ್ದ ಮಾತ್ರೆ ಅದು.

ಬಂದು ಮೆಲ್ಲಗೆ ಹೇಳಿದೆ, ಅತ್ತು ಹೇಳಿದೆ. "ನನ್ ಹೆಂಡ್ತಿಗೆ ನಾನೇ ವಿಷ ಹಾಕ್ತೀನಾ?" ಎಂದು ಮಾವ ಊಟ ಬಿಟ್ಟೆದ್ದರು. ಅತ್ತೆ ನನ್ನ ಕೈ ಹಿಡಿದು, "ಬುಡವ್ವ, ಅವರ ಮನ್ಸು ನೋಯಿಸ್ಬ್ಯಾಡ" ಎಂದು ಮಾತ್ರೆ ನುಂಗಿದರು. ದಿನ ಕಳೆದಂತೆ ಪಾದ ಊದಿದವು, ಅನ್ನ ಸೇರದಾಯಿತು. ಮೊನ್ನೆ ಹಟ ಹಿಡಿದು ತಿಪಟೂರಿಗೆ ಕರೆದುಕೊಂಡು ಹೋದೆ, ಮಾವನೂ ಬಂದರು. ರಕ್ತಪರೀಕ್ಷೆ ನೋಡಿದ ಡಾಕ್ಟರು ಅತ್ತೆಯನ್ನು ಅಲ್ಲೇ ಸೇರಿಸಿಕೊಂಡು, "ನೋವಿನ ಮಾತ್ರೆ ಕೊಟ್ಟೋರು ಯಾರ್ರೀ?" ಎಂದು ಕೇಳಿದರು. "ನಾನೇ ಸಾ" ಎಂದ ಮಾವನ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅಂದಿನಿಂದ ಮಾವ ಅಂಗಡಿ ತೆರೆದಿಲ್ಲ. ಮೊಪೆಡ್ ಹತ್ತಿ ತೋಟದ ಮನೆಗಳಿಗೆಲ್ಲ ಅಲೆದು, ತಾವು ಕೊಟ್ಟ ನೋವಿನ ಮಾತ್ರೆಗಳನ್ನು ವಾಪಸ್ ಕೇಳುತ್ತಿದ್ದಾರೆ. "ಯಾಕಪ್ಪ ಗಂಗಾಧರಯ್ಯ, ಇಷ್ಟ್ ದಿನ ನೀನೇ ಕೊಟ್ಟ್ಯಲ್ಲ?" ಎಂದು ತೋಟದ ಮನೆಯ ಓಬಮ್ಮ ಕೇಳಿದಳಂತೆ. ಮನೆಗೆ ಬಂದವರೇ ಕಾಯಿಮಟ್ಟೆಯ ರಾಶಿಯ ಮೇಲೆ ಕುಸಿದು ಕೂತು ಅತ್ತರು. ನನ್ನ ಮಾತೇ ನಿಜವಾಯಿತೆಂಬ ಸಮಾಧಾನ ಎಳ್ಳಷ್ಟೂ ಇಲ್ಲ ಕಣ್ರೀ. ಆವತ್ತೇ ಅತ್ತೆಯ ಕೈಯಿಂದ ಮಾತ್ರೆ ಕಿತ್ತುಕೊಳ್ಳಬೇಕಿತ್ತು ಅನ್ನಿಸುತ್ತಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಸುನಂದಾ

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಅತ್ತೆಗೆ ಮೂತ್ರ ನಿಂತುಹೋಗಿದೆಯಂತೆ, ಡಯಾಲಿಸಿಸ್‌ಗೆ ತುಮಕೂರಿಗೆ ಸಾಗಿಸುತ್ತಿದ್ದಾರೆ, ನಾವೂ ಹೊರಟಿದ್ದೇವೆ. ನಿಮ್ಮ ಯೂನಿಟ್ಟಿಗೂ ಹೇಳಿಕಳಿಸಿದ್ದೇನೆ, ಯಾವುದು ಮೊದಲು ತಲುಪುತ್ತದೋ. ಅತ್ತೆ ನಿಮ್ಮನ್ನೇ ಕೇಳುತ್ತಿದ್ದಾರಂತೆ. "ಮಗನಿಗೆ ಏನಂತ ಹೇಳ್ಲಿ" ಎಂದು ಮಾವ ಗೋಡೆಗೆ ಹಣೆಯೊತ್ತಿ ನಿಂತಿದ್ದಾರೆ. ಹೇಗಾದರೂ ರಜೆ ಪಡೆದು ಬನ್ನಿ. ಬಂದಾಗ ಮಾವನನ್ನು ಮಾತ್ರ ಏನೂ ಕೇಳಬೇಡಿ.